14 ಕೋಟಿಯ ಕನ್ನಡಿಗ, 30 ಲಕ್ಷದ ಕನ್ನಡಿಗ

ನವೆಂಬರ್ 15, 2025. ಐಪಿಎಲ್ ತಂಡಗಳು ಯಾರನ್ನು ಇಟ್ಕೊಂಡ್ವಿ, ಯಾರನ್ನು ಬಿಟ್ವಿ ಅಂತ ಪಟ್ಟಿ ಕೊಡೋ ದಿನ. ಜಡೇಜಾ ಚೆನ್ನೈ ಬಿಟ್ಟು ರಾಜಸ್ಥಾನಕ್ಕೆ, ಸಂಜು ಸ್ಯಾಮ್ಸನ್ ರಾಜಸ್ಥಾನ ಬಿಟ್ಟು ಚೆನ್ನೈಗೆ. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವತ್ತು ಯಾರೂ ಕೆಲಸ ಮಾಡಲಿಲ್ಲ ಅನ್ನೋಕೆ ಶನಿವಾರವಾಗಿತ್ತು, ಹಾಗಾಗಿ ಯಾರೂ ಮನೆಗೆಲಸ ಮಾಡಲಿಲ್ಲ ಅನ್ನಬಹುದು. ಜಡೇಜಾನನ್ನು ಕೊಟ್ಟಿದ್ದು ಸರಿಯೋ ತಪ್ಪೋ, ಧೋನಿ ಒಪ್ಪಿದ್ದು ಹೇಗೆ, ಆರ್‌ಸಿಬಿ ಲಿವಿಂಗ್‌ಸ್ಟನ್‌ನನ್ನು ಬಿಟ್ಟಿದ್ದರಿಂದ ಕೈಗೆ ಎಷ್ಟು ದುಡ್ಡು ಬಂತು, ಆ ದುಡ್ಡಿಗೆ ಯಾರನ್ನು ತರಬೇಕು. ಎಲ್ಲರೂ ಆಂಡಿ ಫ್ಲವರ್.

ಅದೇ ಪಟ್ಟಿಯಲ್ಲಿ ಆರ್‌ಸಿಬಿ ಬಿಟ್ಟ ಇನ್ನೊಂದು ಹೆಸರಿತ್ತು. ಮನೋಜ್ ಭಾಂಡಗೆ. ರಾಯಚೂರಿನವನು. ಎಡಗೈ ಬ್ಯಾಟು, ಬಲಗೈ ಮಧ್ಯಮ ವೇಗದ ಬೌಲಿಂಗು, ಕರ್ನಾಟಕದ ಪರ ಆಡಿದವನು. 2023ರಿಂದ ಮೂರು ಸೀಸನ್ ಅದೇ ಕೆಂಪು ಜರ್ಸಿ ಹಾಕಿಕೊಂಡು ಹೆಚ್ಚೂಕಡಿಮೆ ಬೆಂಚಿನ ಮೇಲೇ ಕೂತವನು. ನಾನು ಗ್ರೂಪನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಅವನ ಹೆಸರು ಎತ್ತಿದವರು ಎಷ್ಟು ಜನ ಅಂದರೆ, ಸೊನ್ನೆ.

ಇದೇ ಗ್ರೂಪು, ಇದೇ ಜನ, ಸರಿಯಾಗಿ ಒಂದು ವರ್ಷದ ಹಿಂದೆ ಹೇಗಿದ್ದರು ಗೊತ್ತಾ? 2024ರ ನವೆಂಬರ್ 24, ಜೆಡ್ಡಾದಲ್ಲಿ ಹರಾಜು. ಕೆ.ಎಲ್. ರಾಹುಲ್ ಹೆಸರು ಬಂತು. ಆರ್‌ಸಿಬಿ ಒಂದಷ್ಟು ದೂರ ಕೈ ಎತ್ತಿ ಆಮೇಲೆ ಇಳಿಸಿತು. ಡೆಲ್ಲಿ 14 ಕೋಟಿಗೆ ಒಯ್ದಿತು. ಅವತ್ತು ಗ್ರೂಪಿನಲ್ಲಿ ಸೂತಕ. "ಕನ್ನಡಿಗರಿಗೆ ಜಾಗ ಇಲ್ಲದ ಮೇಲೆ ಬೆಂಗಳೂರು ಅಂತ ಹೆಸರು ಯಾಕೆ ಇಟ್ಕೊಂಡಿದ್ದೀರಿ", "ಇವತ್ತಿಂದ ನಾನು ಈ ಟೀಮ್ ನೋಡಲ್ಲ" ಇತ್ಯಾದಿ. ನೋಡಲ್ಲ ಅಂದವರು ಮಾರ್ಚಿನಲ್ಲಿ ಟಿಕೆಟ್ಟಿಗೆ ಕ್ಯೂ ಹಚ್ಚಿದ್ದರು, ಅದು ಬಿಡಿ.

ಕನ್ನಡಿಗ ಅನ್ನೋ ಅಭಿಮಾನಕ್ಕೂ ಒಂದು ಬೇಸ್ ಪ್ರೈಸ್ ಇದೆಯಾ? 14 ಕೋಟಿಯವನು ಹೋದರೆ ನಾಡಿಗೇ ಅವಮಾನ, 30 ಲಕ್ಷದವನು ಹೋದರೆ ಪಟ್ಟಿಯಲ್ಲಿ ಒಂದು ಸಾಲು. ನನಗೆ ಸಿಟ್ಟು ಬಂದಿರೋದು ಇಲ್ಲಿ.

ಮೊದಲು ನಿಮ್ಮ ಕಡೆಯ ನ್ಯಾಯ ಹೇಳ್ತೀನಿ. ಆರ್‌ಸಿಬಿ ಮೇಲೆ ಕನ್ನಡಿಗರಿಗೆ ಸಿಟ್ಟು ಬರೋಕೆ ಕಾರಣ ಇತ್ತು, ಸುಳ್ಳಲ್ಲ. ಮನೀಶ್ ಪಾಂಡೆ 2009ರಲ್ಲಿ ಇದೇ ತಂಡಕ್ಕಾಗಿ ಶತಕ ಹೊಡೆದು, ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅನ್ನಿಸಿಕೊಂಡ. 2014ರ ಫೈನಲ್ ನಮ್ಮದೇ ಚಿನ್ನಸ್ವಾಮಿಯಲ್ಲಿ ನಡೆದಾಗ ಅದೇ ಪಾಂಡೆ 94 ಹೊಡೆದು ಕಪ್ ಕೊಡಿಸಿದ್ದು ಕೋಲ್ಕತ್ತಾಗೆ. ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ ಮಾಡಿದ ರಾಬಿನ್ ಉತ್ತಪ್ಪ ಕೂಡ ಕೋಲ್ಕತ್ತಾದಲ್ಲೇ, ಅವನೂ ಹಿಂದೆ ನಮ್ಮವನೇ. ಇನ್ನು 2018. ಕೊಹ್ಲಿ, ಡಿವಿಲಿಯರ್ಸ್ ಜೊತೆ ಮೂರನೆಯವನಾಗಿ ಉಳಿಸಿಕೊಂಡಿದ್ದು ಸರ್ಫರಾಜ್ ಖಾನ್‌ನನ್ನು. 2016ರಲ್ಲಿ ಕೀಪಿಂಗೂ ಮಾಡಿ 397 ರನ್ನೂ ಮಾಡಿದ್ದ ರಾಹುಲ್‌ನನ್ನು ಬಿಟ್ಟರು. ಅವನು ಪಂಜಾಬಿಗೆ ಹೋಗಿ ಆ ವರ್ಷ 659 ಹೊಡೆದ, ಮುಂದಿನ ವರ್ಷ 593, ಅದರ ಮುಂದಿನ ವರ್ಷ 670. ಅದು ತಪ್ಪು ನಿರ್ಧಾರ. ಕನ್ನಡಿಗ ಅಂತ ಅಲ್ಲ, 25 ವರ್ಷದ ಅಂಥ ಆಟಗಾರನನ್ನು ಯಾರೂ ಬಿಡಬಾರದಿತ್ತು ಅಂತ.

ಆದರೆ 2018ರ ಸಿಟ್ಟನ್ನು 2024ಕ್ಕೆ ಹಚ್ಚಬಾರದು.

ನಮ್ಮ ಅಜ್ಜ ಎತ್ತು ಕೊಳ್ಳೋಕೆ ದನದ ಸಂತೆಗೆ ಹೋಗುವಾಗ ಒಂದೆರಡು ಸಲ ನನ್ನನ್ನೂ ಕರ್ಕೊಂಡು ಹೋಗಿದ್ದ. ಮನೆಯಲ್ಲಿದ್ದ ಜೋಡಿಯಲ್ಲಿ ಒಂದು ಸತ್ತಿತ್ತು. ಸಂತೆಯಲ್ಲಿ ಒಂದು ಎತ್ತು, ಬಿಳೀದು, ಎಂಥಾ ಠೀವಿ ಅಂದ್ರೆ ಜನ ಸುತ್ತ ನಿಂತು ನೋಡ್ತಿದ್ದರು. ನಾನು ಅದೇ ಬೇಕು ಅಂತ ಹಟ ಹಿಡಿದೆ. ಅಜ್ಜ ಹಲ್ಲು ನೋಡಿದ, ಬೆನ್ನು ಸವರಿದ, ಮಾಲೀಕನ ಜೊತೆ ಎರಡು ಮಾತಾಡಿ ವಾಪಸ್ ಬಂದ. "ಅದು ಎಡಕ್ಕ ಹೂಡಿ ರೂಢಿ ಆಗಿದ್ದ ಎತ್ತಲೇ ತಮ್ಮಾ. ಮನ್ಯಾಗ ಇದ್ದದ್ದೂ ಎಡದ್ದ. ಎರಡೂ ಎಡದ್ದ ತಗೊಂಡು ನೊಗಕ್ಕ ಏನ್ ಆರತಿ ಮಾಡೂದೈತೇನು?" ಕೊನೆಗೆ ತಂದದ್ದು ನೋಡೋಕೆ ಅಷ್ಟಕ್ಕಷ್ಟೇ ಇದ್ದ ಒಂದು ಕಂದು ಎತ್ತು. ಆರು ವರ್ಷ ದುಡೀತು.

2024ರ ಆರ್‌ಸಿಬಿ ಮನೆಯಲ್ಲಿ ಒಂದು ಎಡದ ಎತ್ತು ಆಗಲೇ ಇತ್ತು. ಹೆಸರು ವಿರಾಟ್ ಕೊಹ್ಲಿ, ಬೆಲೆ 21 ಕೋಟಿ. ಇನಿಂಗ್ಸ್ ಕಟ್ಟೋನು, ಕೊನೇವರೆಗೂ ನಿಲ್ಲೋನು. ರಾಹುಲ್‌ನ ಸಹಜ ಆಟವೂ ಅದೇ. ಆಗ ತಂಡಕ್ಕೆ ಬೇಕಿದ್ದದ್ದು ಮೊದಲ ಆರು ಓವರಿನಲ್ಲಿ ಮುಂದೆ ಹಿಂದೆ ನೋಡದೆ ಬೀಸೋ ಒಬ್ಬ, ಕೊನೆಯಲ್ಲಿ ಬಂದು ಹೊಡೆಯೋ ಕೀಪರ್ ಒಬ್ಬ, ಚಿನ್ನಸ್ವಾಮಿಯಂಥ ಸಣ್ಣ ಮೈದಾನದಲ್ಲೂ ಲೆಂತ್ ಬಿಡದ ವೇಗಿ ಒಬ್ಬ. ಅದಕ್ಕೇ 11.50 ಕೋಟಿಗೆ ಫಿಲ್ ಸಾಲ್ಟ್, 11 ಕೋಟಿಗೆ ಜಿತೇಶ್ ಶರ್ಮಾ, 12.50 ಕೋಟಿಗೆ ಹೇಜಲ್‌ವುಡ್, 10.75 ಕೋಟಿಗೆ ಭುವನೇಶ್ವರ್ ಕುಮಾರ್. ಏಳು ವರ್ಷ ತಂಡದಲ್ಲಿದ್ದ ಸಿರಾಜ್‌ನನ್ನೂ ಬಿಟ್ಟರು, ಗುಜರಾತ್ 12.25 ಕೋಟಿ ಕೊಟ್ಟಿತು. ಕೃಣಾಲ್ ಪಾಂಡ್ಯನಿಗೆ 5.75 ಕೋಟಿ ಅಂದಾಗ ನಮ್ಮ ಗ್ರೂಪಿನಲ್ಲಿ ನಗೋ ಎಮೋಜಿಗಳ ಮಳೆ. ನಾನೂ ಒಂದು ಹಾಕಿದ್ದೆ, ಒಪ್ಪಿಕೊಳ್ತೀನಿ.

ಆಮೇಲೆ ಆದದ್ದು ನಿಮಗೇ ಗೊತ್ತು. ಲೀಗಿನಲ್ಲಿ ಹೊರಗಿನ ಮೈದಾನದ ಏಳಕ್ಕೆ ಏಳೂ ಪಂದ್ಯ ಗೆದ್ದರು. ಲಕ್ನೋದಲ್ಲಿ 228 ಬೆನ್ನತ್ತಿದಾಗ ಜಿತೇಶ್ 33 ಬಾಲಿಗೆ 85. ಫೈನಲ್ ಜೂನ್ 3, ಅಹಮದಾಬಾದ್. 190 ಮಾಡಿ 6 ರನ್ನಿಂದ ಗೆದ್ದರು. ಪಂದ್ಯಪುರುಷ ಯಾರು? ನಾವೆಲ್ಲ ನಕ್ಕಿದ್ದ ಕೃಣಾಲ್, 4 ಓವರಿಗೆ 17 ರನ್, 2 ವಿಕೆಟ್. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅದನ್ನು ಕ್ರಿಕೆಟ್ ಚರ್ಚೆಯ ಒಂದು ಸಾಲಾಗಿ ಬರೆಯೋಕೆ ಮನಸ್ಸು ಬರಲ್ಲ. ಬೇರೆಯೇ ಬರೀಬೇಕು.

ರಾಹುಲ್ ಕೂಡ ಕೆಟ್ಟದಾಗೇನೂ ಆಡಲಿಲ್ಲ. ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ವಿರುದ್ಧ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗುಂಡು ಗೀಟು ಎಳೆದು, ಇದು ನನ್ನ ಜಾಗ ಅಂತ ತೋರಿಸಿದ. ಮೈ ಜುಮ್ ಅಂತು. ಆದರೆ ಎತ್ತು ಚೆಂದ ಇದೆ ಅನ್ನೋದು ಬೇರೆ ಮಾತು, ನಮ್ಮ ನೊಗಕ್ಕೆ ಬೇಕಿತ್ತಾ ಅನ್ನೋದು ಬೇರೆ ಮಾತು.

ಇಷ್ಟು ಹೇಳಿದ್ರೆ ಕೆಲವರು, ನೋಡು, ಬೆಳಗಾವಿ ಕಡೆಯವನು, ಅದಕ್ಕೇ ಕನ್ನಡಾಭಿಮಾನ ಕಮ್ಮಿ ಅಂತಾರೆ. ಈ ಮಾತು ನಿಜವಾಗಲೂ ಒಬ್ಬ ನನಗೆ ಹೇಳಿದ, ಕೋರಮಂಗಲದಲ್ಲಿ, ಕೈಯಲ್ಲಿ ಕೋಲ್ಡ್ ಬ್ರೂ ಹಿಡ್ಕೊಂಡು. ನಾನು ಹುಟ್ಟಿದ್ದು ಬೈಲಹೊಂಗಲ ತಾಲೂಕಿನಲ್ಲಿ. ರಾಯಣ್ಣನ ಸಂಗೊಳ್ಳಿ ನಮ್ಮ ತಾಲೂಕು, ಚನ್ನಮ್ಮನ ಸಮಾಧಿ ನಮ್ಮ ಪೇಟೆಯಲ್ಲಿ. ಅಭಿಮಾನದ ಸರ್ಟಿಫಿಕೇಟು ನನಗೆ ಬೇಕಾಗಿಲ್ಲ. ಆದರೆ ನಮ್ಮವನು ಯಾರು ಅನ್ನೋ ಜಗಳ ನಮ್ಮೂರ ಕಡೆ ಹೇಗೆ ನಡೆಯುತ್ತೆ ಅಂತ ಹೇಳಲೇಬೇಕು.

ನಮ್ಮ ಕಡೆ ಹಿಂಗಾರಿ ಜೋಳ ಕಿತ್ತ ಮೇಲೆ ಹೊಲ ಖಾಲಿಯಾಗುತ್ತೆ. ಆಗ ಶುರು ಟೆನಿಸ್ ಬಾಲ್ ಟೂರ್ನಮೆಂಟು. ಫ್ಲೆಕ್ಸಿನ ಮೇಲೆ ಮುಖಂಡರ ಫೋಟೋ ದೊಡ್ಡದು, ಬಹುಮಾನದ ಮೊತ್ತ ಸಣ್ಣದು. ಕೆಳಗೆ ಒಂದು ನಿಯಮ: ಒಂದು ಊರಿಗೆ ಒಂದೇ ತಂಡ, ಆಧಾರ್ ಕಾರ್ಡ್ ಕಡ್ಡಾಯ. ಯಾಕಂದ್ರೆ ಎಲ್ಲ ಊರವರೂ ಹೊರಗಿನ ಆಟಗಾರರನ್ನು ತರ್ತಾರೆ. ನಾವೂ ತಂದಿದ್ದೆವು, ಆಧಾರ್ ಬರೋ ಮೊದಲಿನ ಕಾಲದಲ್ಲಿ. ನಾನು ಆಗ ಪಿಯುಸಿ, ತಂಡದ ಕೀಪರ್. ಸೆಮಿಫೈನಲ್ ಹಿಂದಿನ ದಿನ ನಮ್ಮ ಕ್ಯಾಪ್ಟನ್, ಅಂದರೆ ನಮ್ಮ ಕಾಕಾನ ಮಗ ಅಣ್ಣ, ರಾಮದುರ್ಗದ ಕಡೆಯಿಂದ ಒಬ್ಬನನ್ನು ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ಬಂದ. ಕೀಪಿಂಗೂ ಮಾಡ್ತಿದ್ದ, ಓಪನಿಂಗೂ ಆಡ್ತಿದ್ದ. ನನಗೆ ಸ್ಕೋರು ಬರೆಯೋ ಕೆಲಸ.

"ಅಣ್ಣಾ, ನಾ ನಮ್ಮೂರಾಂವ ಅಲ್ಲೇನು?" ಅಂದೆ. ಗಂಟಲು ಕಟ್ಟಿತ್ತು.

"ಊರಾಂವ ಅಂತನ ಲೀಗ್ ಮ್ಯಾಚ್ ಆಡಿಸೇನಿ. ಈಗ ಗೆಲ್ಲೂದೈತಿ," ಅಂದ.

ಗೆದ್ದರು. ಫೈನಲ್ ಕೂಡ. ಆ ರಾಮದುರ್ಗದ ಹುಡುಗನನ್ನು ಊರೆಲ್ಲ ಹೊತ್ತು ಮೆರೆಸಿತು, ನಮ್ಮವ್ವನೇ ಅವನಿಗೆ ಹೋಳಿಗೆ ಮಾಡಿ ಹಾಕಿದಳು. ಆ ಹೋಳಿಗೆಯ ಸಂಕಟ ಇವತ್ತಿಗೂ ಇದೆ. ಹಾಗಾಗಿ ರಾಹುಲ್‌ಗಾಗಿ ಹೊಟ್ಟೆ ಉರಿಸಿಕೊಂಡವರ ಸಂಕಟ ನನಗೆ ಅರ್ಥ ಆಗಲ್ಲ ಅಂತ ತಿಳೀಬೇಡಿ. ಆದರೆ ಅಣ್ಣ ಮಾಡಿದ್ದು ಸರಿ. ನಾನು ಸುಮಾರು ಕೀಪರ್.

ಈಗ ಆ ಆಧಾರ್ ನಿಯಮವನ್ನು ನಿಮ್ಮ ಕನ್ನಡಿಗರ ಮೇಲೆ ಹಾಕಿ ನೋಡೋಣ. ನಮ್ಮೂರ ಕಮಿಟಿಯವರು ಕನ್ನಡಕ ಹಾಕ್ಕೊಂಡು ಕೂತರು ಅಂದ್ಕೊಳ್ಳಿ. ದೇವದತ್ತ ಪಡಿಕ್ಕಲ್? ಹುಟ್ಟಿದ್ದು ಕೇರಳದ ಎಡಪ್ಪಾಳ್. ಕರುಣ್ ನಾಯರ್? ಜೋಧಪುರ. ಮನೀಶ್ ಪಾಂಡೆ? ನೈನಿತಾಲ್. ಮೂವರೂ ನಪಾಸು. ಇದು ಮೂರ್ಖತನ ಅಂತೀರಿ. ನಾನೂ ಅದನ್ನೇ ಅನ್ನೋದು. ಅವರು ನಮ್ಮವರು, ಯಾಕಂದ್ರೆ ಆಟ ಕಲಿತದ್ದು ಇಲ್ಲಿ. ಇಲ್ಲಿಯ ಮೈದಾನ, ಇಲ್ಲಿಯ ಕೋಚ್, ಇಲ್ಲಿಯ ಲೀಗು ಅವರನ್ನು ಮಾಡಿತು. ರಾಜಸ್ಥಾನದವರು ಪಡಿಕ್ಕಲ್‌ನನ್ನು 7.75 ಕೋಟಿಗೆ ಒಯ್ದು, 2023ರಲ್ಲಿ ಆವೇಶ್ ಖಾನ್‌ಗೆ ಬದಲಿಯಾಗಿ ಲಕ್ನೋಗೆ ಕೊಟ್ಟು, ಕೊನೆಗೆ 2 ಕೋಟಿಗೆ ಅವನು ಬೆಂಗಳೂರಿಗೇ ವಾಪಸ್ ಬಂದಾಗ ಮನೆಗೆ ಬಂದ ಅಂತಲೇ ನಾವು ಅಂದದ್ದು. ಎಡಪ್ಪಾಳ್ ಯಾರಿಗೂ ನೆನಪಾಗಲಿಲ್ಲ.

ಹಾಗಾದರೆ ಆಟ ಕಲಿತ ಊರೇ ಆಟಗಾರನ ಊರು. ಒಪ್ಪಿದಿರಾ? ಈಗ ಹೇಳಿ, ಬೈಲಹೊಂಗಲದಲ್ಲಿ ಎಲ್ಲಿ ಕಲೀಬೇಕು? ಸವದತ್ತಿಯಲ್ಲಿ? ರಾಮದುರ್ಗದಲ್ಲಿ? ಕಿತ್ತೂರಿನಲ್ಲಿ?

ನಮ್ಮೂರಲ್ಲಿ ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ಇದ್ದ. ಹೆಸರು ಬೇಡ, ಅವನಿಗೆ ಇಷ್ಟ ಆಗಲ್ಲ. ಟೆನಿಸ್ ಬಾಲಿನಲ್ಲಿ ಅವನ ಯಾರ್ಕರ್ ಬಂದರೆ ಬ್ಯಾಟ್ಸ್‌ಮನ್ ಕಾಲು ಎತ್ತಿ ಕುಣೀತಿದ್ದ. ಯಾರೋ ಪೇಪರಿನಲ್ಲಿ ನೋಡಿ ಸೆಲೆಕ್ಷನ್ ಇದೆ ಅಂದರು. ಇಬ್ಬರೂ ಬೆಳಗಿನ ಮೊದಲ ಬಸ್ಸಿಗೆ ಹೋದೆವು. ಅಲ್ಲಿದ್ದ ಹುಡುಗರೆಲ್ಲ ಬಿಳಿ ಪ್ಯಾಂಟು, ಸ್ಪೈಕ್ಸ್, ಕಿಟ್ ಬ್ಯಾಗು. ಇವನ ಕಾಲಲ್ಲಿ ಕ್ಯಾನ್ವಾಸ್ ಶೂ. ಅವನ ಕೈಗೆ ಲೆದರ್ ಬಾಲ್ ಕೊಟ್ಟರು. ಹದಿನೇಳು ವರ್ಷದವನು, ಅವತ್ತೇ ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದದ್ದು. ಹೊಲಿಗೆ ಮುಟ್ಟಿ ಮುಟ್ಟಿ ನೋಡ್ತಿದ್ದ. ಮೊದಲ ಬಾಲು ನೆಟ್ಟಿನ ಮೇಲಿಂದ ಹಾರಿ ಹೋಯ್ತು, ಎರಡನೇದು ಅವನ ಕಾಲಿನ ಬುಡದಲ್ಲೇ ಬಿತ್ತು. ಆರು ಬಾಲು, ಮುಗೀತು. ಅವರದೇನೂ ತಪ್ಪಿಲ್ಲ, ನೋಡಿದವರು ಯಾರಾದರೂ ಬೇಡ ಅಂತಲೇ ಅಂತಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಂದ: "ಆ ಬಾಲ್ ಬಾಳ ಚಲೋ ಇತ್ತಲೇ. ಒಂದ್ ತಿಂಗಳ ಮದ್ಲ ಸಿಕ್ಕಿದ್ರ." ಈಗ ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನೆ. ಚೆನ್ನಾಗೇ ಇದಾನೆ, ಅವನ ಮೇಲೆ ಕನಿಕರ ಬೇಡ. ನನ್ನ ಪ್ರಶ್ನೆ ಆ ಒಂದು ತಿಂಗಳಿನದು.

ಟಿವಿಯಲ್ಲಿ ಪಿಚ್ ರಿಪೋರ್ಟ್ ಹೇಳುವಾಗ "ಬ್ಲ್ಯಾಕ್ ಸಾಯಿಲ್" ಅಂತ ಬೆರಳಿಂದ ಕೆರೆದು ತೋರಿಸ್ತಾರಲ್ಲ, ನಮ್ಮ ಸೀಮೆಯ ಎರಿ ಹೊಲದ ತುಂಬ ಇರೋದು ಅಂಥದ್ದೇ ಜಿಗಟು ಕರಿಮಣ್ಣು. ಪಿಚ್ಚಿನ ಮಣ್ಣು ಎಕರೆಗಟ್ಟಲೆ ಬಿದ್ದಿದೆ, ಪಿಚ್ ಇಲ್ಲ.

ಸುನಿಲ್ ಜೋಶಿ ಹೇಗೆ ಬಂದ ಅಂತ ಕೇಳ್ತೀರಿ. ಗದಗದವರು, ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಓಡಾಡಿ ಬೆಳೆದವರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆ ಅಂಕಿಗಳನ್ನು ನಾನು ಮಗ್ಗಿ ಥರ ಬಾಯಿಪಾಠ ಮಾಡಿದ್ದೆ. ಆದರೆ ಗದಗ–ಹುಬ್ಬಳ್ಳಿ ನಡುವೆ ರೈಲಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರಲ್ಲಿ ಒಂದು ಪೇಟೆಗೂ ರೈಲಿಲ್ಲ. ಶಾಲೆ ಬಿಟ್ಟ ಮೇಲೆ ರಾಮದುರ್ಗದಿಂದ ಬೆಳಗಾವಿಯ ನೆಟ್ಸಿಗೆ ಹೋಗಿ ರಾತ್ರಿಯೊಳಗೆ ವಾಪಸ್ ಬಾ ಅಂದ್ರೆ, ಆ ಹುಡುಗ ಬೌಲರ್ ಆಗಲ್ಲ, ಬಸ್ ಕಂಡಕ್ಟರ್ ಆಗ್ತಾನೆ.

ಬೆಳಗಾವಿಯಲ್ಲಿ ಒಳ್ಳೇ ಸ್ಟೇಡಿಯಂ ಇದೆ. 2019ರಲ್ಲಿ ಭಾರತ ಎ ತಂಡ ಶ್ರೀಲಂಕಾ ಎ ವಿರುದ್ಧ ಆಡಿದಾಗ ಋತುರಾಜ್ ಗಾಯಕ್ವಾಡ್ ಅಲ್ಲಿ ಔಟಾಗದೆ 187 ಹೊಡೆದ. ಮೈದಾನ ಇದೆ, ಆದರೆ ಬೆಳಗಾವಿಗೆ ಅಂತ ಒಂದು ತಂಡ ಇಲ್ಲ. ಇತ್ತು. ಕೆಪಿಎಲ್‌ನಲ್ಲಿ ಬೆಳಗಾವಿ ಪ್ಯಾಂಥರ್ಸ್, 2017ರ ಚಾಂಪಿಯನ್. 2019ರಲ್ಲಿ ಫಿಕ್ಸಿಂಗ್ ಹಗರಣ ಹೊರಗೆ ಬಂತು, ಆ ತಂಡದ ಮಾಲೀಕನನ್ನೇ ಪೊಲೀಸರು ಹಿಡಿದರು, ಲೀಗೇ ನಿಂತುಹೋಯ್ತು. 2022ರಲ್ಲಿ ಮಹಾರಾಜ ಟ್ರೋಫಿ ಅಂತ ಹೊಸದು ಶುರುವಾದಾಗ ಆರೇ ತಂಡ, ಅದರಲ್ಲಿ ನಮ್ಮ ಭಾಗಕ್ಕೆ ಹುಬ್ಬಳ್ಳಿ, ಕಲಬುರಗಿ ಎರಡು ಹೆಸರು. ಬೆಳಗಾವಿ, ವಿಜಯಪುರ, ಬಳ್ಳಾರಿ ಮಾಯ. ತಪ್ಪು ಮಾಡಿದ್ದು ಮಾಲೀಕ, ತಂಡ ಕಳಕೊಂಡದ್ದು ಜಿಲ್ಲೆ. ಇನ್ನು ಹುಬ್ಬಳ್ಳಿ ಟೈಗರ್ಸ್ ಹುಬ್ಬಳ್ಳಿಯಲ್ಲಿ ಆಡ್ತಾರಾ ಅಂದ್ರೆ ಅದೂ ಇಲ್ಲ. 2023ರಲ್ಲಿ ಅವರು ಕಪ್ ಗೆದ್ದದ್ದು ಬೆಂಗಳೂರಿನಲ್ಲಿ, 2025ರ ಟೂರ್ನಿ ನಡೆದದ್ದು ಮೈಸೂರಿನಲ್ಲಿ. ಹುಬ್ಬಳ್ಳಿಯವರು ಹುಬ್ಬಳ್ಳಿ ಟೀಮನ್ನು ಮೊಬೈಲಿನಲ್ಲಿ ನೋಡ್ತಾರೆ.

ಪಕ್ಕದ ತಮಿಳುನಾಡು ನೋಡಿ. ಅವರ ಟಿಎನ್‌ಪಿಎಲ್ ದಿಂಡಿಗಲ್, ತಿರುನೆಲ್ವೇಲಿ, ಸೇಲಂ, ಕೊಯಮತ್ತೂರಿನಲ್ಲೂ ಆಡುತ್ತೆ. ಸೇಲಂ ಹತ್ತಿರದ ಚಿನ್ನಪ್ಪಂಪಟ್ಟಿ ಅನ್ನೋ ಹಳ್ಳಿಯ ನಟರಾಜನ್ ನಮ್ಮ ಹುಡುಗನ ಥರವೇ ಟೆನಿಸ್ ಬಾಲಿನ ಯಾರ್ಕರ್ ಬೌಲರ್. ಟಿಎನ್‌ಪಿಎಲ್‌ನಲ್ಲಿ ಕಣ್ಣಿಗೆ ಬಿದ್ದ, 2017ರಲ್ಲಿ ಪಂಜಾಬ್ 3 ಕೋಟಿ ಕೊಟ್ಟಿತು, 2021ರ ಜನವರಿಯಲ್ಲಿ ಗಾಬಾದಲ್ಲಿ ಟೆಸ್ಟ್ ಆಡಿದ. ಆಮೇಲೆ ಅವನು ಮಾಡಿದ ಕೆಲಸ ನನಗೆ ಅವನ ಎಲ್ಲ ವಿಕೆಟ್ಟಿಗಿಂತ ದೊಡ್ಡದು: ತನ್ನ ಹಳ್ಳಿಯಲ್ಲೇ ಒಂದು ಕ್ರಿಕೆಟ್ ಮೈದಾನ ಮಾಡಿದ. 2023ರ ಜೂನಿನಲ್ಲಿ ಅದನ್ನು ಉದ್ಘಾಟಿಸಿದ್ದು ದಿನೇಶ್ ಕಾರ್ತಿಕ್. ಹೌದು, ಈಗ ನಮ್ಮ ಆರ್‌ಸಿಬಿಯ ಮೆಂಟರ್ ಆಗಿರೋ ಅದೇ ಕಾರ್ತಿಕ್. ಆ ಮನುಷ್ಯನಿಗೆ ಸವದತ್ತಿ ದಾರಿ ಯಾರಾದರೂ ತೋರಿಸಬಾರದಾ?

ಇಷ್ಟೆಲ್ಲ ದಾಟಿ ರಾಯಚೂರಿನಿಂದ ಒಬ್ಬ ಬಂದಿದ್ದ. ಭಾಂಡಗೆಯನ್ನು ಆಡಿಸಲೇಬೇಕಿತ್ತು ಅಂತ ನಾನು ವಾದ ಮಾಡಲ್ಲ, ಮಾಡಿದ್ರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತೆ. ಕೊನೇ ಓವರುಗಳಲ್ಲಿ ಹೊಡೆದು ಒಂದೆರಡು ಓವರ್ ಬೌಲಿಂಗ್ ಮಾಡೋ ಜಾಗಕ್ಕೆ ರೊಮಾರಿಯೊ ಶೆಫರ್ಡ್ ಇದ್ದ, ಚೆನ್ನೈ ವಿರುದ್ಧ 14 ಬಾಲಿಗೆ 53 ಹೊಡೆದ. ರೋಲ್ ಅವನದಾಯ್ತು. ನಾನೂ ಒಂದು ಕಂಪನಿಯಲ್ಲಿ ನಾಲ್ಕು ತಿಂಗಳು ಬೆಂಚಿನ ಮೇಲಿದ್ದವನು. ಲ್ಯಾಪ್‌ಟಾಪ್ ಇದೆ, ಐಡಿ ಕಾರ್ಡ್ ಇದೆ, ಕೆಲಸ ಇಲ್ಲ. ರೋಲ್ ಇಲ್ಲ ಅನ್ನೋದು ನಿಜ ಇರಬಹುದು, ಆದರೆ ಕ್ಯಾಂಟೀನಿನಲ್ಲಿ ಯಾರೂ ಹೆಸರು ಹಿಡಿದು ಮಾತಾಡಿಸದಿದ್ದರೆ ಅದೇ ಬೇರೆ ನೋವು. ಭಾಂಡಗೆಯ ವಿಷಯದಲ್ಲಿ ತಂಡದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರೋದು ನಿಮ್ಮ ಮೇಲೆ, ನನ್ನ ಮೇಲೆ. ಮೂರು ವರ್ಷ ಇದ್ದಾಗ ಯಾರವನು ಅಂತ ಕೇಳಲಿಲ್ಲ, ಹೋದಾಗ ಎಲ್ಲಿಗೆ ಅಂತ ಕೇಳಲಿಲ್ಲ.

ಮುಂದಿನ ಹರಾಜಿನಲ್ಲಿ ಮತ್ತೆ ಕನ್ನಡಿಗರಿಲ್ಲ ಅಂತ ಟ್ರೆಂಡ್ ಮಾಡ್ತೀರಲ್ಲ, ಮಾಡಿ. ಅದರ ಜೊತೆ ಎರಡು ಸಾಲು ಸೇರಿಸಿ. ಬೆಳಗಾವಿಗೆ ತಂಡ ವಾಪಸ್ ಕೊಡಿ. ಪಂದ್ಯಗಳನ್ನು ಬೆಳಗಾವಿ, ಹುಬ್ಬಳ್ಳಿಯಲ್ಲೂ ಆಡಿಸಿ. ತಾಲೂಕಿಗೊಂದು ಮ್ಯಾಟಿಂಗ್ ವಿಕೆಟ್ಟು, ವರ್ಷಕ್ಕೆ ಒಂದು ಡಬ್ಬಿ ಲೆದರ್ ಬಾಲ್. ಎರಡು ಸಾಲು ಅಂದೆ, ನಾಲ್ಕಾಯ್ತು, ಇರಲಿ.

ಹೋದ ವಾರ ಊರಿಂದ ಫೋನ್ ಬಂದಿತ್ತು. ಅದೇ ಟ್ರ್ಯಾಕ್ಟರಿನವನು. ಅವನ ಮಗ ಈಗ ಏಳನೇ ಕ್ಲಾಸು, ಅಪ್ಪನ ಥರವೇ ಓಡಿ ಬಂದು ಕಾಲಿಗೇ ಹಾಕ್ತಾನಂತೆ. ನಾವು ನಾಲ್ಕೈದು ಜನ ಹೊರಗಿರೋರು ದುಡ್ಡು ಕೂಡಿಸಿ ಒಂದು ನಾರಿನ ಮ್ಯಾಟ್ ತರಿಸಿದ್ದೇವೆ, ಶಾಲೆಯ ಹಿಂದೆ ಹಾಸೋಕೆ ಜಾಗ ನೋಡಿದ್ದಾರೆ. ಅದರ ಮೊಳೆ ಸಿಕ್ಕವಾ, ನೆಲ ಸಮ ಮಾಡಿದ್ರಾ ಅಂತ ಕೇಳ್ತಿದ್ದೆ. ಅವನು ಎಲ್ಲಾ ಆತು ಅಂದ.

"ನೀ ಬರೂ ಮುಂದ ಬಾಲ್ ತಗೊಂಡ ಬಾ. ಲೆದರ್. ಒಂದ ತರಬ್ಯಾಡ ಮತ್ತ, ಆರ ತಗೊಂಡ ಬಾ. ಮಗ್ಗಲಕ್ಕ ಬಾವಿ ಐತಿ."